ಮರವಂತೆಯ ಹಳೆಯ ಗಾಳಿ: ಎಲ್ಲಿ ಹುಡುಕಬೇಕು, ಹೇಗೆ ಓದಬೇಕು

ದೋಣಿ ಶೆಡ್ಡಿನ ಬಾಯಿ ಯಾವ ದಿಕ್ಕಿಗಿರಬೇಕು? ತೋಟಕ್ಕೆ ಗಾಳಿತಡೆ ಮರಗಳನ್ನು ಎಲ್ಲಿ ನೆಡಬೇಕು? ಹೆಂಚು ಹಾರಿದ್ದು ಯಾವ ಹೊತ್ತಿನ ಗಾಳಿಗೆ ಎಂದು ಪರಿಹಾರದ ಅರ್ಜಿಯಲ್ಲಿ ಬರೆಯುವುದು ಹೇಗೆ? ಇದಕ್ಕೆಲ್ಲ ಮೊಬೈಲಿನ ಬಣ್ಣದ ನಕ್ಷೆ ಸಾಲದು. ಅದು ಕಂಪ್ಯೂಟರ್ ಲೆಕ್ಕ ಹಾಕಿದ ಗಾಳಿ. ಬೇಕಾದದ್ದು ಕಂಬದ ಮೇಲಿನ ಯಂತ್ರ ಅಳೆದಿಟ್ಟ ಗಾಳಿ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಹವಾಮಾನ ಕೇಂದ್ರಗಳಿರುವುದು ಹೋಬಳಿ ಮಟ್ಟದಲ್ಲಿ. ಗ್ರಾಮ ಪಂಚಾಯಿತಿಯಲ್ಲಿರುವುದು ಮಳೆಮಾಪಕ, ಅದರಲ್ಲಿ ಗಾಳಿಯ ಲೆಕ್ಕವಿಲ್ಲ. ಹಾಗಾಗಿ ಉಸ್ತುವಾರಿ ಕೇಂದ್ರಕ್ಕೆ ಕಳಿಸುವ ಪತ್ರದಲ್ಲಿ ಹೋಬಳಿಯ ಹೆಸರು, ಬೇಕಾದ ದಿನಾಂಕ ಬರೆದು ಕೇಳಿ. ಹವಾಮಾನ ಇಲಾಖೆಯ ಹಳೆಯ ದಾಖಲೆಗಳು ಪುಣೆಯಲ್ಲಿವೆ. ಅಲ್ಲಿನ ಜಾಲತಾಣದಲ್ಲಿ ನೋಂದಾಯಿಸಿ ಬೇಡಿಕೆ ಸಲ್ಲಿಸಬಹುದು. ಹೊನ್ನಾವರದ ದಾಖಲೆಯನ್ನು ಮೊದಲು ಕೇಳಿ, ಅದೂ ನಮ್ಮಂತೆ ಕಡಲಂಚಿನ ಊರು. ಉಚಿತವಾಗಿ ಕೂಡಲೇ ಸಿಗುವುದು ಮಂಗಳೂರು ವಿಮಾನ ನಿಲ್ದಾಣದ ವರದಿ. ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾಲಯ ಜಗತ್ತಿನ ವಿಮಾನ ನಿಲ್ದಾಣಗಳ ವರದಿಗಳನ್ನು ಕೂಡಿಟ್ಟಿದೆ, ‘ವಿಒಎಂಎಲ್’ ಎಂಬ ಸಂಕೇತದಲ್ಲಿ ಹುಡುಕಬೇಕು. ಆದರೆ ಆ ನಿಲ್ದಾಣ ಗುಡ್ಡದ ಮೇಲಿದೆ, ಮರವಂತೆಯಿಂದ 80 ಕಿ.ಮೀ.ಗೂ ಹೆಚ್ಚು ತೆಂಕಕ್ಕಿದೆ. ಅಲ್ಲಿನ ವೇಗವನ್ನೇ ಇಲ್ಲಿನದೆಂದು ನಂಬಬೇಡಿ.

ಕಡತ ಕೈಗೆ ಬಂದ ಮೇಲೆ ಮೊದಲು ನೋಡಬೇಕಾದದ್ದು ಗಡಿಯಾರ. ಬಹಳಷ್ಟು ದಾಖಲೆಗಳು ಅಂತರರಾಷ್ಟ್ರೀಯ ಸಮಯದಲ್ಲಿರುತ್ತವೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಹಾದುಹೋದ 2021ರ ಮೇ ತಿಂಗಳನ್ನೇ ತೆಗೆದುಕೊಳ್ಳಿ. ಕಡತದಲ್ಲಿ 15ನೇ ತಾರೀಕು 20:30 ಎಂದಿದ್ದರೆ ಇಲ್ಲಿ ಆಗಲೇ 16ರ ನಸುಕಿನ ಎರಡು ಗಂಟೆ. ಅರ್ಜಿಯಲ್ಲಿ ತಾರೀಕೇ ತಪ್ಪಿದರೆ ಉಳಿದದ್ದನ್ನು ಯಾರು ಓದುತ್ತಾರೆ? ಅನುಮಾನವಿದ್ದರೆ ಜನವರಿಯ ದಿನಗಳನ್ನು ಪರೀಕ್ಷಿಸಿ. ಚಳಿಗಾಲದ ಬೆಳಿಗ್ಗೆ ಮೂಡಣದಿಂದ ನೆಲಗಾಳಿ, ಮಧ್ಯಾಹ್ನದ ಹೊತ್ತಿಗೆ ಪಡುವಣದಿಂದ ಕಡಲಗಾಳಿ ಬರುವುದು ಮೀನುಗಾರರಿಗೆಲ್ಲ ಗೊತ್ತು. ಕಡತದಲ್ಲಿ ಈ ತಿರುವು ಬೆಳಿಗ್ಗೆ ಆರರ ಸುಮಾರಿಗೆ ಕಂಡರೆ ಗಂಟೆಗಳನ್ನು ಬದಲಿಸಿಕೊಳ್ಳಿ.

ಇನ್ನು ದಿಕ್ಕು. ಅಲ್ಲಿ ಬರೆದಿರುವುದು ಗಾಳಿ ಎಲ್ಲಿಂದ ಬಂತು ಎಂದು: 90 ಮೂಡು, 180 ತೆಂಕು, 270 ಪಡು, 360 ಬಡಗು. ವಿಮಾನ ನಿಲ್ದಾಣದ ವರದಿಯಲ್ಲಿ ‘24012ಕೆಟಿ’ ಎಂದರೆ 240 ಡಿಗ್ರಿಯಿಂದ 12 ನಾಟ್, ಅಂದರೆ ಗಂಟೆಗೆ ಸುಮಾರು 22 ಕಿ.ಮೀ. ಸೆಕೆಂಡಿಗೆ ಇಷ್ಟು ಮೀಟರ್ ಎಂದಿದ್ದರೆ 3.6ರಿಂದ ಗುಣಿಸಿ. ದಿಕ್ಕುಗಳ ಸರಾಸರಿ ಮಾತ್ರ ತೆಗೆಯಲೇಬೇಡಿ. 350 ಮತ್ತು 10 ಎರಡೂ ಬಡಗಣ ಗಾಳಿಯೇ, ಆದರೆ ಅವುಗಳ ಸರಾಸರಿ 180 ಎಂದು ಬಂದು ಗಾಳಿ ತೆಂಕಣದ್ದಾಗಿಬಿಡುತ್ತದೆ! ಎಂಟು ದಿಕ್ಕುಗಳ ಪಟ್ಟಿ ಮಾಡಿ, ಯಾವ ದಿಕ್ಕಿನಿಂದ ಎಷ್ಟು ಸಲ ಬೀಸಿತು ಎಂದು ತಿಂಗಳುವಾರು ಎಣಿಸಿದರೆ ಸಾಕು.

ಯಂತ್ರವೂ ಕೆಡುತ್ತದೆ, ಉಪ್ಪುಗಾಳಿಯಲ್ಲಂತೂ ಬೇಗ. ಮಳೆಗಾಲದಲ್ಲಿ ದಿನಗಟ್ಟಲೆ ವೇಗ ಸೊನ್ನೆ ಎಂದಿದ್ದರೆ ಅದು ಗಾಳಿ ನಿಂತದ್ದಲ್ಲ, ಗಾಳಿಮಾಪಕದ ತಿರುಗುವ ಬಟ್ಟಲುಗಳು ತುಕ್ಕು ಹಿಡಿದು ನಿಂತದ್ದು. ಆ ದಿನಗಳನ್ನು ಬಿಟ್ಟುಬಿಡಿ. ವರ್ಷದಿಂದ ವರ್ಷಕ್ಕೆ ವೇಗ ಇಳಿಯುತ್ತಿದ್ದರೆ ಕಂಬದ ಸುತ್ತ ತೆಂಗು, ಕಟ್ಟಡ ಎದ್ದಿವೆಯೇ ಎಂದು ಹೋಗಿ ನೋಡಿ. ಗಾಳಿಮಾಪಕಕ್ಕೆ ಒಪ್ಪಿತ ಎತ್ತರ 10 ಮೀಟರ್, ಅದೂ ಬಯಲಿನಲ್ಲಿ. ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ ಇರುವ ಮರವಂತೆಯಲ್ಲಿ ಪಡುಗಾಳಿಗೆ ತಡೆಯೇ ಇಲ್ಲ. ಒಳನಾಡಿನ ಕಂಬ ತೋರಿಸಿದ್ದಕ್ಕಿಂತ ಇಲ್ಲಿ ಗಾಳಿ ಜೋರಾಗಿರುತ್ತದೆ ಎಂದೇ ಇಟ್ಟುಕೊಂಡು ಶೆಡ್ಡು ಕಟ್ಟಿ.

ಅರ್ಜಿಗೆ ಲಗತ್ತಿಸುವಾಗ ಕೇಂದ್ರದ ಹೆಸರು, ಅಳೆದ ಎತ್ತರ, ಭಾರತೀಯ ಸಮಯ, ವೇಗದ ಮಾನ ಇಷ್ಟನ್ನೂ ನಮೂದಿಸಿ, ಮೊಬೈಲಿನ ಚಿತ್ರದ ಬದಲು ಇಲಾಖೆಯ ದೃಢೀಕೃತ ಪ್ರತಿಯನ್ನೇ ಇಡಿ.