ಕಾರಿನ ಇಂಧನ ಕ್ಲೀನರ್: ಬಾಟಲಿ ಕೊಳ್ಳುವ ಮೊದಲು ಎಂಜಿನ್ ಯಾವುದು ನೋಡಿ

ನಮ್ಮಲ್ಲಿ ಕಾರು ಅಂದರೆ ಮದುವೆ, ಜಾತ್ರೆಗೆ ಹೋಗುವ ಗಾಡಿ ಮಾತ್ರ ಅಲ್ಲ. ತದಡಿ, ಗೋಕರ್ಣದ ಕಡೆ ಹಿಂದಿನ ಸೀಟು ಮಡಚಿ ಬಸಳೆ, ಹರಿವೆ, ತೊಂಡೆಕಾಯಿ ಹೇರಿಕೊಂಡು ಬೆಳಿಗ್ಗೆ ಕುಮಟಾ ಪೇಟೆಗೆ ಹೊರಡುವುದೂ ಅದೇ ಗಾಡಿ. ಅದು ದಾರಿಯಲ್ಲಿ ಜಗ್ಗಿ ಜಗ್ಗಿ ನಿಂತರೆ ಸೊಪ್ಪು ಬಾಡುತ್ತದೆ, ಗಿರಾಕಿ ಬೇರೆ ಕಡೆ ಹೋಗುತ್ತಾರೆ. ಆಗ ಯಾರಾದರೂ ಒಂದು ಸಣ್ಣ ಬಾಟಲಿ ಕೊಟ್ಟು, "ಇದನ್ನ ಟ್ಯಾಂಕಿಗೆ ಹಾಕಿ, ಎಲ್ಲ ಸರಿಯಾಗ್ತದೆ" ಅಂತಾರೆ. ಎಲ್ಲ ಸರಿಯಾಗುವುದಿಲ್ಲ. ರೋಗ ಯಾವುದೆಂದು ತಿಳಿಯದೆ ಔಷಧ ಹೊಡೆಯಬೇಡಿ ಎಂದು ಬೆಳೆಗೆ ಹೇಳುವ ಮಾತು ಎಂಜಿನ್ನಿಗೂ ಸರಿ.

ಮೊದಲು ರೋಗ ಗುರುತಿಸಿ

ಇಂಧನ ಕ್ಲೀನರ್ ಮಾಡುವ ಕೆಲಸ ಒಂದೇ: ಇಂಜೆಕ್ಟರ್ ತುದಿ, ವಾಲ್ವ್ ಮೇಲೆ ಕೂತ ಇಂಗಾಲದ ಕೊಳೆಯನ್ನು ನಿಧಾನವಾಗಿ ಬಿಡಿಸುವುದು. ಗಾಡಿ ಬಹಳ ಓಡಿದೆ, ಮೈಲೇಜ್ ನಿಧಾನಕ್ಕೆ ಇಳಿದಿದೆ, ನಿಂತಲ್ಲಿ ಎಂಜಿನ್ ನಡುಗುತ್ತದೆ ಅಂದರೆ ಕೊಳೆ ಇರಬಹುದು. ಆದರೆ ಅದಕ್ಕೂ ಮೊದಲು ಏರ್ ಫಿಲ್ಟರ್, ಫ್ಯುಯೆಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ಯಾಟರಿ ನೋಡಿಸಿ. ಎಂಜಿನ್ ದೀಪ ಉರಿಯುತ್ತಿದ್ದರೆ ಸ್ಕ್ಯಾನ್ ಮಾಡಿಸಿ. ಹಾಳಾದ ಫ್ಯುಯೆಲ್ ಪಂಪ್, ಬಿರುಕುಬಿಟ್ಟ ಪೈಪ್, ಟ್ಯಾಂಕಿಗೆ ಇಳಿದ ನೀರು, ಇವು ಯಾವುದಕ್ಕೂ ಬಾಟಲಿ ಮದ್ದಲ್ಲ.

ಕರಾವಳಿಯಲ್ಲಿ ನೀರಿನ ಮಾತು ಮುಖ್ಯ. 20% ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಹೆಚ್ಚುಕಡಿಮೆ ಅದೇ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಾದರೆ ಪೆಟ್ರೋಲಿನಲ್ಲೇ ಕರಗಿ ಹೋಗುತ್ತದೆ. ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ. ಹಾಗಾಗಿ ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿ ಸ್ಟಾರ್ಟ್ ಆಗದಿದ್ದರೆ ಕ್ಲೀನರ್ ಹುಡುಕಬೇಡಿ, ಟ್ಯಾಂಕ್ ಖಾಲಿ ಮಾಡಿಸಿ. ಟ್ಯಾಂಕ್ ಮುಚ್ಚಳದ ರಬ್ಬರ್ ಹರಿದಿದೆಯಾ ಅಂತಲೂ ನೋಡಿ.

ಎಂಜಿನ್‌ಗೆ ತಕ್ಕ ಬಾಟಲಿ

1. ಸಾಮಾನ್ಯ ಪೆಟ್ರೋಲ್ ಇಂಜೆಕ್ಷನ್ (ಎಂಪಿಎಫ್ಐ): ಪಾಲಿಈಥರ್ ಅಮೈನ್, ಅಂದರೆ ಪಿಇಎ ಇರುವುದನ್ನು ಆರಿಸಿ. ಇದು ಬಿಸಿಗೆ ತಡೆಯುತ್ತದೆ. ಹಾಗಾಗಿ ಇಂಜೆಕ್ಟರ್, ವಾಲ್ವ್ ಜೊತೆಗೆ ಇಂಧನ ಉರಿಯುವ ಕೋಣೆಯ ಕೊಳೆಗೂ ಕೆಲಸ ಮಾಡುತ್ತದೆ.

2. ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್: ಇಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುತ್ತದೆ, ಇನ್‌ಟೇಕ್ ವಾಲ್ವ್ ಮುಟ್ಟುವುದೇ ಇಲ್ಲ. ಟ್ಯಾಂಕಿಗೆ ಹಾಕಿದ್ದು ಇಂಜೆಕ್ಟರಿಗೆ ಉಪಯೋಗ, ಆ ವಾಲ್ವಿಗೆ ಅಲ್ಲ.

3. ಡೀಸೆಲ್ ಕಾರು, ಪಿಕಪ್: ಡೀಸೆಲ್‌ಗೆಂದೇ ಬರೆದದ್ದನ್ನು ಮಾತ್ರ ಹಾಕಿ. ಕಾಮನ್ ರೈಲ್ ಇಂಜೆಕ್ಟರ್ ರಿಪೇರಿ ದುಬಾರಿ. ಡೀಸೆಲ್ ಫಿಲ್ಟರಿನ ಕೆಳಗಿನ ನೀರನ್ನು ಬಿಡಿಸುತ್ತಿರಿ. ಕೆಲವು ಬಿಎಸ್-6 ಗಾಡಿಗಳಿಗೆ ಬೇಕಾಗುವ ಡಿಇಎಫ್ ದ್ರವಕ್ಕೆ ಬೇರೆಯೇ ಟ್ಯಾಂಕ್ ಇರುತ್ತದೆ. ಅದು ಕ್ಲೀನರ್ ಅಲ್ಲ, ಡೀಸೆಲ್ ಟ್ಯಾಂಕಿಗೆ ಹಾಕಲೇಬೇಡಿ.

4. ಕಾರ್ಬ್ಯುರೇಟರ್ ಇರುವ ಹಳೇ ಕಾರು, ಬೈಕು, ಕಳೆ ಕೊಚ್ಚುವ ಯಂತ್ರ: ಜೆಟ್ ಕಟ್ಟಿದ್ದರೆ ಬಿಚ್ಚಿ ಕಾರ್ಬ್ಯುರೇಟರ್ ಸ್ಪ್ರೇ ಹೊಡೆಯುವುದೇ ಸರಿ. ಹಂಗಾಮು ಮುಗಿದ ಮೇಲೆ ಯಂತ್ರದ ಪೆಟ್ರೋಲ್ ತೆಗೆದು, ಉಳಿದದ್ದು ಮುಗಿಯುವ ತನಕ ಓಡಿಸಿ ಇಡಿ.

ಲೇಬಲ್ ಓದುವ ರೀತಿ

ಮೊಬೈಲ್ ಕೈಯಲ್ಲೇ ಇದೆಯಲ್ಲ, ಅಂಗಡಿಯಲ್ಲೇ ಬ್ರ್ಯಾಂಡ್ ಹೆಸರಿನ ಜೊತೆ ಎಸ್‌ಡಿಎಸ್ ಎಂದು ಹುಡುಕಿ. ಅದು ಸುರಕ್ಷತಾ ಮಾಹಿತಿ ಪತ್ರ. ಕೀಟನಾಶಕದ ಡಬ್ಬಿಯ ಮೇಲೆ ಸಕ್ರಿಯ ಅಂಶ ನೋಡುವ ಹಾಗೆ ಇಲ್ಲಿ ಪಿಇಎ ಇದೆಯಾ ನೋಡಿ. ಬರೀ ಸೀಮೆಎಣ್ಣೆ ಜಾತಿಯ ದ್ರಾವಕದ ಹೆಸರಷ್ಟೇ ಇದ್ದರೆ ಹೆಚ್ಚು ದುಡ್ಡು ಕೊಡಬೇಡಿ. ಆಕ್ಟೇನ್ ಬೂಸ್ಟರ್ ಕ್ಲೀನರ್ ಅಲ್ಲ. ನೀರು ತೆಗೆಯುತ್ತದೆ ಎನ್ನುವ ಆಲ್ಕೋಹಾಲ್ ಬಾಟಲಿಯೂ ಬೇಡ, ಪೆಟ್ರೋಲಿನಲ್ಲೇ ಎಥೆನಾಲ್ ಇದೆಯಲ್ಲ. ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್‌ಗೆ ಸುರಕ್ಷಿತ ಎಂದು ಬರೆದಿರಬೇಕು.

ಪ್ರಮಾಣ ಮತ್ತು ಬಳಕೆ

ಉದಾಹರಣೆಗೆ ಬಾಟಲಿ 300 ಮಿ.ಲೀ., 60 ಲೀಟರ್ ಇಂಧನಕ್ಕೆ ಎಂದಿದ್ದರೆ ಲೀಟರಿಗೆ 5 ಮಿ.ಲೀ. ನಿಮ್ಮದು 35 ಲೀಟರ್ ಟ್ಯಾಂಕ್ ಆದರೆ 175 ಮಿ.ಲೀ. ಸಾಕು. ಜಾಸ್ತಿ ಹಾಕಿದರೆ ಬೇಗ ಸ್ವಚ್ಛ ಆಗ್ತದೆ ಅನ್ನುವುದು ಸುಳ್ಳು. ಟ್ಯಾಂಕ್ ಖಾಲಿಯಾಗುತ್ತ ಬಂದಾಗ ಕ್ಲೀನರ್ ಸುರಿದು, ಮೇಲಿಂದ ಪೂರ್ತಿ ಇಂಧನ ತುಂಬಿಸಿ, ಚೆನ್ನಾಗಿ ಬೆರೆಯುತ್ತದೆ. ಹಾಕಿ ಗಾಡಿ ನಿಲ್ಲಿಸಿಡಬೇಡಿ, ಹೆದ್ದಾರಿಯಲ್ಲಿ ಓಡಿಸಿ ಆ ಟ್ಯಾಂಕ್ ಮುಗಿಸಿ. ನಾನು ಆಯಿಲ್ ಬದಲಿಸುವ ಸ್ವಲ್ಪ ಮೊದಲು ಹಾಕುತ್ತೇನೆ, ಎಂಜಿನ್ ಆಯಿಲಿಗೆ ಇಳಿದ ಕೊಳೆ ಹಳೇ ಆಯಿಲ್ ಜೊತೆಗೇ ಹೋಗಲಿ ಅಂತ. ಒಂದು ಟ್ಯಾಂಕ್ ಮುಗಿದರೂ ವ್ಯತ್ಯಾಸ ಕಾಣದಿದ್ದರೆ ಎರಡನೇ ಬಾಟಲಿ ಬೇಡ, ಮೆಕ್ಯಾನಿಕ್ ಬಳಿ ಹೋಗಿ.

ಇನ್ನೊಂದು ಮಾತು. ಸ್ಪ್ರೇ ಹೊಡೆದು ತೊಳೆದ ಕೊಳೆ, ಟ್ಯಾಂಕಿನಿಂದ ತೆಗೆದ ಹಳೇ ಪೆಟ್ರೋಲ್ ಗಜನಿಗೆ, ಬಾವಿ ಪಕ್ಕಕ್ಕೆ ಚೆಲ್ಲಬೇಡಿ. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದೆ. ಅಲ್ಲಿ ಬಳಚು ಹೆಕ್ಕಿ ಬದುಕುವ ಮನೆಗಳಿವೆ, ಅದೇ ನೀರು ಕಗ್ಗ ಭತ್ತದ ಗದ್ದೆಗೂ ಬರುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟು, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿನಲ್ಲಿ ಕೇಳಿ ಕೊಡಿ.

ಇಷ್ಟನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ

- ಮೊದಲು ಫಿಲ್ಟರ್, ಪ್ಲಗ್, ನೀರು, ಆಮೇಲೆ ಕ್ಲೀನರ್.
- ಪೆಟ್ರೋಲಿಗೆ ಪಿಇಎ, ಡೀಸೆಲಿಗೆ ಡೀಸೆಲಿನದ್ದೇ.
- ಲೀಟರ್ ಲೆಕ್ಕ ಹಾಕಿ ಅಳೆದು ಸುರಿಯಿರಿ.
- ವಾರಂಟಿ ಇರುವ ಗಾಡಿಯಾದರೆ ಮ್ಯಾನ್ಯುಯಲ್ ಓದಿ, ಸರ್ವೀಸ್ ಸೆಂಟರಿನಲ್ಲಿ ಕೇಳಿಯೇ ಹಾಕಿ.