ಎಷ್ಟು ಸಿಕ್ಕರೆ ಗೆಲುವು?

ಹತ್ತು ಸಾವಿರ ದಂಡಿರುವ ಅರಸ, ಇಪ್ಪತ್ತು ಸಾವಿರದೊಡನೆ ಬರುವವನನ್ನು ಎದುರಿಸಬಲ್ಲೆನೇ ಎಂದು ಮೊದಲು ಕುಳಿತು ಆಲೋಚಿಸುವ ಸಾಮತಿಯನ್ನು ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ನಾವೆಲ್ಲರೂ ಕೇಳಿದ್ದೇವೆ. ಯೇಸುಸ್ವಾಮಿ ಅದನ್ನು ಹೇಳಿದ್ದು ಶಿಷ್ಯತ್ವದ ಬೆಲೆಯ ಬಗ್ಗೆ, ನಿಜ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಇಪ್ಪತ್ತು ಸಾವಿರ ಇದ್ದವನು ಕುಳಿತು ಆಲೋಚಿಸುವುದು ಬೇಡವೇ?

ವೈಟ್‌ಫೀಲ್ಡ್‌ನವರಿಗೆ ಹೊಸಕೋಟೆ ಪಕ್ಕದ ಊರು. 1768ರ ಆಗಸ್ಟ್‌ನಲ್ಲಿ ಅಲ್ಲಿ ಇಂಗ್ಲಿಷ್ ಕಂಪನಿಯ ದಂಡು ಬೀಡುಬಿಟ್ಟಿತ್ತು. ಕರ್ನಲ್ ಸ್ಮಿತ್ ಬೆಂಗಳೂರಿಗೆ ಮುತ್ತಿಗೆ ಹಾಕಲು ಸಿದ್ಧನಾಗುತ್ತಿದ್ದ. ಜೊತೆಗೆ ಗುತ್ತಿಯ ಮುರಾರಿರಾಯನ ಮರಾಠರು. ಹೈದರಾಲಿ ರಾತ್ರಿಯಲ್ಲಿ ಮರಾಠರ ಬೀಡಿನ ಮೇಲೆ ಬಿದ್ದು, ನಷ್ಟ ಅನುಭವಿಸಿ ಹಿಂದೆಗೆದ. ಬಳಿಕ ಸಂಧಿಗೆ ಹೇಳಿಕಳುಹಿಸಿದ: ಬಾರಾಮಹಲ್ ಸೀಮೆಯನ್ನು ಬಿಟ್ಟುಕೊಡುತ್ತೇನೆ, ಹತ್ತು ಲಕ್ಷ ರೂಪಾಯಿಯನ್ನೂ ಕೊಡುತ್ತೇನೆ.

ಇದು ಗೆಲುವಲ್ಲವೇ? ಕಂಪನಿಗೆ ಅದು ಸಾಲಲಿಲ್ಲ. ಇನ್ನಷ್ಟು ನೆಲ, ಇನ್ನಷ್ಟು ಹಣ ಬೇಕಾಯಿತು. ಆರ್ಕಾಟಿನ ನವಾಬನ ಆಸೆಯೇ ಬೇರೆ, ಮುರಾರಿರಾಯನ ಆಸೆಯೇ ಬೇರೆ. ಎಲ್ಲರ ಆಸೆಯನ್ನೂ ಕೂಡಿಸಿದರೆ ಯಾವ ಗೆಲುವು ತಾನೇ ಸಾಕಾದೀತು? ಮಾತುಕತೆ ಮುರಿಯಿತು.

ವರ್ಷ ಮುಗಿಯುವುದರೊಳಗೆ ಹೈದರ್ ಹೊಸೂರಿಗೆ ಮುತ್ತಿಗೆ ಹಾಕಿದ. ಕರ್ನಲ್ ವುಡ್ ಅದರ ರಕ್ಷಣೆಗೆ ಧಾವಿಸಿದಾಗ, ಅವನು ಬಾಗಲೂರಿನಲ್ಲಿ ಬಿಟ್ಟುಹೋಗಿದ್ದ ತೋಪು, ಸಾಮಾನುಗಳು ಹೈದರನ ಪಾಲಾದವು. (ಇದು ಹೊಸೂರಿನ ಬಳಿಯ ಬಾಗಲೂರು, ವಿಮಾನ ನಿಲ್ದಾಣದ ಕಡೆಯದಲ್ಲ.) ಕೋಟೆಯೊಳಗೆ ಆಶ್ರಯ ಬೇಡಿ ಓಡಿಬಂದ ಜನ ಬಾಗಿಲ ಬಳಿಯ ನೂಕುನುಗ್ಗಲಿನಲ್ಲಿ ಸಿಕ್ಕಿ ಸತ್ತರು. ಎಲೆಕ್ಟ್ರಾನಿಕ್ ಸಿಟಿಯಿಂದ ಹೊಸೂರು ರಸ್ತೆಯಲ್ಲಿ ದಿನವೂ ಓಡಾಡುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

1769ರಲ್ಲಿ ಹೈದರ್ ಸುಮಾರು ಆರು ಸಾವಿರ ಕುದುರೆ ಸವಾರರೊಡನೆ ಮದರಾಸಿನ ಬಾಗಿಲಿಗೇ ಬಂದು ನಿಂತ. ಆಗ ಕಂಪನಿ ಒಪ್ಪಿದ ಕರಾರಿನಲ್ಲಿ ಹತ್ತು ಲಕ್ಷದ ಮಾತಿಲ್ಲ. ಗೆದ್ದ ಸ್ಥಳಗಳನ್ನು ಬಹುಮಟ್ಟಿಗೆ ಇಬ್ಬರೂ ಹಿಂದಿರುಗಿಸಬೇಕು, ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಾಗಬೇಕು. ಬಾರಾಮಹಲ್ ಮತ್ತೆ ಮೈಸೂರಿಗೆ ಸೇರಿತು.

ನ್ಯಾಯಯುತ ರಕ್ಷಣೆಗೂ ಯಶಸ್ಸಿನ ತಕ್ಕ ಭರವಸೆ ಇರಬೇಕೆಂದು 1992ರ ಧರ್ಮಸಭೆಯ ಧರ್ಮೋಪದೇಶ ಗ್ರಂಥ (2309) ಕಲಿಸುತ್ತದೆ. ಭರವಸೆ ಇದೆಯೇ ಎಂದು ತೂಗಬೇಕಾದರೆ ಯಶಸ್ಸು ಯಾವುದೆಂದು ಮೊದಲೇ ತಿಳಿದಿರಬೇಕು. ಹೊಸಕೋಟೆಯ ಬೀಡಿನಲ್ಲಿ ಅದನ್ನು ಯಾರೂ ತೀರ್ಮಾನಿಸಿರಲಿಲ್ಲವೆಂದೇ ನನಗೆ ತೋರುತ್ತದೆ.

ಹಾಗಾದರೆ ಗೆದ್ದವನು ಹೈದರನೇ? 1771ರಲ್ಲಿ ಮರಾಠರು ಅವನನ್ನು ಮೇಲುಕೋಟೆಯ ಬಳಿಯ ಚಿನಕುರಳಿಯಲ್ಲಿ ಸೋಲಿಸಿದರು. ಕರಾರಿನಂತೆ ಅವನು ನೆರವು ಕೇಳಿದ. ಕಂಪನಿಯ ದಂಡು ಬರಲೇ ಇಲ್ಲ. 1780ರಲ್ಲಿ ಎರಡನೆಯ ಯುದ್ಧ ಆರಂಭವಾಯಿತು. ನಾಲ್ಕನೆಯದು ಮುಗಿದದ್ದು 1799ರಲ್ಲಿ.