ಮನೆಗೊಂದು ವಿಮೆ, ಮಳಿಗೆಗೊಂದು ವಿಮೆ: ವಿಮಾ ಮೊತ್ತ ನಿಗದಿಪಡಿಸುವ ಬಗೆ

ಹೊಸೂರು ರಸ್ತೆಗೆ ಹೊಂದಿಕೊಂಡಿರುವ ಸಿಂಗಸಂದ್ರದಲ್ಲಿ ವಾಸದ ಮನೆ ಮತ್ತು ದುಡಿಮೆಯ ಸ್ಥಳ ಒಂದೇ ಸೂರಿನಡಿ ಇರುವುದು ಅಪರೂಪವಲ್ಲ. ನೆಲಮಹಡಿಯಲ್ಲಿ ಅಂಗಡಿ, ಪ್ಯಾಕಿಂಗ್ ಘಟಕ ಅಥವಾ ಗೋದಾಮು. ಅದರ ಮೇಲೆ ಮಾಲೀಕರ ಸಂಸಾರ. ಇನ್ನೂ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ನೌಕರರಿಗೆ ಬಾಡಿಗೆಗೆ ಕೊಟ್ಟ ಮನೆಗಳು. ಇಂತಹ ಕಟ್ಟಡದ ಮೂಲ ಪತ್ರಗಳು ಅನೇಕ ವೇಳೆ ಬ್ಯಾಂಕಿನ ವಶದಲ್ಲಿರುತ್ತವೆ. ವ್ಯಾಪಾರದ ಓವರ್‌ಡ್ರಾಫ್ಟಿಗೆ ಆ ಮನೆಯೇ ಆಧಾರ. ಆದ್ದರಿಂದ ಸಣ್ಣ ಉದ್ಯಮಿಯ ಮಟ್ಟಿಗೆ ಮನೆಗೆ ಒದಗುವ ಹಾನಿ ಕೇವಲ ಕೌಟುಂಬಿಕ ನಷ್ಟವಲ್ಲ. ಅದು ವ್ಯವಹಾರದ ಬಂಡವಾಳಕ್ಕೇ ಬೀಳುವ ಪೆಟ್ಟು. ಹೀಗಿದ್ದರೂ ಅಂಗಡಿಯ ದಾಸ್ತಾನಿಗೆ ಬ್ಯಾಂಕಿನ ಒತ್ತಾಯದಿಂದ ವಿಮೆ ಇರುತ್ತದೆ, ವಾಹನಕ್ಕೆ ಕಾನೂನಿನ ಒತ್ತಾಯದಿಂದ ಇರುತ್ತದೆ; ಜೀವಮಾನದ ಉಳಿತಾಯ ಸುರಿದು ಕಟ್ಟಿದ ಮನೆಗೆ ಮಾತ್ರ ಇರುವುದಿಲ್ಲ.

ಅಪಾಯ ದೂರದ್ದಲ್ಲ

2016ರ ಜುಲೈ ಕೊನೆಯಲ್ಲಿ ಸುರಿದ ಮಳೆಗೆ ಸಿಂಗಸಂದ್ರಕ್ಕೆ ಸಮೀಪದ ಕೋಡಿಚಿಕ್ಕನಹಳ್ಳಿಯ ಬಡಾವಣೆಗಳು ಜಲಾವೃತವಾಗಿ, ನಿವಾಸಿಗಳನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. 2022ರ ಸೆಪ್ಟೆಂಬರ್ 5ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ಬೆಂಗಳೂರು ನಗರದಲ್ಲಿ 131.6 ಮಿಲಿಮೀಟರ್ ಮಳೆ ದಾಖಲಾಯಿತು. ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳಿಗೂ ನೀರು ನುಗ್ಗಿತು. ಕೆರೆಗಳ ಸರಪಳಿಯ ನಡುವೆ ಬೆಳೆದ ಈ ಭಾಗದಲ್ಲಿ ರಾಜಕಾಲುವೆ ತುಂಬಿದರೆ ಮೊದಲು ನೀರು ಕಾಣುವುದು ನೆಲಮಹಡಿ ಮತ್ತು ತಳಮಹಡಿ. ಗೋದಾಮು ಇರುವುದೂ ಅಲ್ಲಿಯೇ. ಬೆಂಕಿಯ ಭಯವಂತೂ ಋತುಮಾನ ನೋಡುವುದಿಲ್ಲ.

ಗೃಹವಿಮೆಯಲ್ಲಿ ಏನುಂಟು, ಏನಿಲ್ಲ

ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಪ್ರಮಾಣಿತ ಪಾಲಿಸಿಯನ್ನು ಜಾರಿಗೆ ತಂದಿತು. ಯಾವ ಕಂಪನಿಯಿಂದ ಕೊಂಡರೂ ಮೂಲ ಷರತ್ತುಗಳು ಒಂದೇ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ವಾಹನ ಮೊದಲಾದವು ಬಂದು ಗುದ್ದುವುದು, ಗಲಭೆ, ಭಯೋತ್ಪಾದಕ ಕೃತ್ಯ, ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು ಇವೆಲ್ಲವೂ ಅದರಲ್ಲಿ ಸೇರಿವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯ ಸಾಮಾನುಗಳಿಗೆ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಪಟ್ಟಿ ಕೊಡದೆಯೇ ರಕ್ಷಣೆ ದೊರೆಯುತ್ತದೆ. ಮನೆ ವಾಸಯೋಗ್ಯವಲ್ಲದಾದರೆ ಬದಲಿ ಮನೆಯ ಬಾಡಿಗೆಗೂ ಮಿತಿಗೊಳಪಟ್ಟು ಅವಕಾಶವಿದೆ.

ಸೇರದಿರುವುದನ್ನು ತಿಳಿಯುವುದು ಅಷ್ಟೇ ಮುಖ್ಯ. ಮೂಲ ಪಾಲಿಸಿಯಲ್ಲಿ ಕಳ್ಳತನಕ್ಕೆ ಪರಿಹಾರ ದೊರೆಯುವುದು, ಬೆಂಕಿ ಅಥವಾ ಪ್ರವಾಹದಂತಹ ವಿಮಾವ್ಯಾಪ್ತಿಯ ಘಟನೆಯ ಕಾರಣದಿಂದಲೇ, ಅದು ಸಂಭವಿಸಿದ 7 ದಿನಗಳೊಳಗೆ ಕಳವು ನಡೆದರೆ ಮಾತ್ರ. ಬೀಗ ಒಡೆದು ಮಾಡುವ ಸಾಮಾನ್ಯ ಕಳವಿಗೆ ಬೇರೆ ವಿಮೆ ಬೇಕು. ಒಡವೆಗಳಿಗೆ ಐಚ್ಛಿಕ ರಕ್ಷಣೆಯನ್ನು ಕೇಳಿ ಪಡೆಯಬೇಕು. ನಗದು ಹಣ, ವಾಹನ, ದಾಖಲೆಪತ್ರಗಳು ಸಾಮಾನ್ಯವಾಗಿ ಹೊರಗುಳಿಯುತ್ತವೆ. ತಳಮಹಡಿಯಲ್ಲಿ ಮುಳುಗಿದ ಕಾರಿಗೆ ವಾಹನ ವಿಮೆಯೇ ಆಧಾರ. ಕಾಲಕ್ರಮದ ಸವೆತ, ಹೊಸ ಕಟ್ಟಡ ಕುಳಿತಾಗ ಬರುವ ಬಿರುಕು, ದೋಷಪೂರಿತ ಕಾಮಗಾರಿ ಇವುಗಳಿಗೆ ಪರಿಹಾರವಿಲ್ಲ. ಪಕ್ಕದ ನಿವೇಶನದಲ್ಲಿ ಪಾಯ ತೋಡಿದ್ದರಿಂದ ನೆಲ ಕುಸಿದರೂ ಪಾಲಿಸಿ ನೆರವಿಗೆ ಬಾರದು; ಆ ನಷ್ಟವನ್ನು ತೋಡಿದವರಿಂದಲೇ ವಸೂಲು ಮಾಡಬೇಕು. ನಾಲ್ಕೂ ಕಡೆ ಹೊಸ ಕಟ್ಟಡಗಳು ಏಳುತ್ತಿರುವ ಪ್ರದೇಶದಲ್ಲಿ ಈ ಅಂಶ ಗಮನಾರ್ಹ.

ವಿಮೆ ನಿವೇಶನಕ್ಕಲ್ಲ, ಕಟ್ಟಡಕ್ಕೆ

2025ರ ಆಗಸ್ಟ್‌ನಲ್ಲಿ ಸಿಂಗಸಂದ್ರವನ್ನು ಹಾದುಹೋಗುವ ಮೆಟ್ರೊ ಹಳದಿ ಮಾರ್ಗ ಆರಂಭವಾಯಿತು. ಮೆಟ್ರೊ ಬಂದ ಕಡೆ ನಿವೇಶನಗಳ ಬೆಲೆ ಏರುವುದು ಸಹಜ. ಆದರೆ ನೆಲ ಸುಟ್ಟುಹೋಗುವುದಿಲ್ಲ, ಕೊಚ್ಚಿಹೋಗುವುದೂ ಇಲ್ಲ. ಆದ್ದರಿಂದ ಮಾರುಕಟ್ಟೆ ಬೆಲೆಯನ್ನು ವಿಮಾ ಮೊತ್ತವಾಗಿ ಬರೆಸಿದರೆ ಹೆಚ್ಚಿನ ಕಂತು ವ್ಯರ್ಥ. ಮತ್ತೊಂದೆಡೆ, ಹದಿನೈದು ವರ್ಷದ ಹಿಂದೆ ಕಟ್ಟಿದಾಗ ತಗಲಿದ ವೆಚ್ಚವನ್ನು ಅಥವಾ ಬ್ಯಾಂಕಿನಲ್ಲಿ ಉಳಿದಿರುವ ಸಾಲದ ಬಾಕಿಯನ್ನು ಬರೆಸಿದರೆ ಮೊತ್ತ ಸಾಲದು. ಅದೇ ಮನೆಯನ್ನು ಇಂದು ಮತ್ತೆ ಕಟ್ಟಲು ತಗಲುವ ವೆಚ್ಚವೇ ಸರಿಯಾದ ವಿಮಾ ಮೊತ್ತ.

ಪಾಲಿಸಿಯಲ್ಲಿ ಇದನ್ನು ಕಾರ್ಪೆಟ್ ವಿಸ್ತೀರ್ಣವನ್ನು ಚದರಡಿಯ ನಿರ್ಮಾಣ ದರದಿಂದ ಗುಣಿಸಿ ಕಂಡುಕೊಳ್ಳಲಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಗುತ್ತಿಗೆದಾರರು ಚದರದ ಲೆಕ್ಕದಲ್ಲಿ ಹೇಳುವ ದರಕ್ಕೆ ಸಾಮಾನ್ಯವಾಗಿ ಗೋಡೆಯ ದಪ್ಪವೂ ಸೇರಿದ ಕಟ್ಟಡದ ಒಟ್ಟು ವಿಸ್ತೀರ್ಣವೇ ಆಧಾರ. ಕಾರ್ಪೆಟ್ ವಿಸ್ತೀರ್ಣವೋ ಅದಕ್ಕಿಂತ ಕಡಿಮೆ. ಒಂದು ಉದಾಹರಣೆ: 20 ಚದರ, ಅಂದರೆ 2,000 ಚದರಡಿಯ ಮನೆ, ಕಾರ್ಪೆಟ್ ವಿಸ್ತೀರ್ಣ 1,600 ಚದರಡಿ, ಗುತ್ತಿಗೆದಾರರ ದರ ಚದರಡಿಗೆ 2,000 ರೂ. ಎಂದಿರಲಿ. ಮರುನಿರ್ಮಾಣಕ್ಕೆ ಬೇಕಾಗುವುದು 40,00,000 ರೂ. ಆದರೆ ಅದೇ ದರವನ್ನು ಕಾರ್ಪೆಟ್ ವಿಸ್ತೀರ್ಣಕ್ಕೆ ಹಾಕಿದರೆ ಬರುವುದು 32,00,000 ರೂ. ಮಾತ್ರ. ದರವನ್ನು ಕಾರ್ಪೆಟ್ ಲೆಕ್ಕಕ್ಕೆ ಪರಿವರ್ತಿಸಿ 2,500 ರೂ. ಎಂದು ಬರೆಸಿದಾಗಲೇ 40 ಲಕ್ಷ ಪೂರ್ಣವಾಗುತ್ತದೆ. ಕಾಂಪೌಂಡು ಗೋಡೆ, ನೀರಿನ ಟ್ಯಾಂಕು, ಸೌರ ಫಲಕ, ಶೆಡ್ಡು ಇವುಗಳ ವೆಚ್ಚವನ್ನು ಪ್ರತ್ಯೇಕವಾಗಿ ಕೂಡಿಸಬೇಕು.

ಗೃಹ ರಕ್ಷಾ ಪಾಲಿಸಿಯಲ್ಲಿ ವಿಮಾ ಮೊತ್ತ ಕಡಿಮೆ ಎಂಬ ಕಾರಣಕ್ಕೆ ಭಾಗಶಃ ನಷ್ಟದ ಪರಿಹಾರವನ್ನು ಅನುಪಾತದಲ್ಲಿ ಕಡಿತ ಮಾಡುವಂತಿಲ್ಲ. ಆದರೂ ಪೂರ್ಣ ನಷ್ಟವಾದಾಗ ದೊರೆಯುವುದು ವಿಮಾ ಮೊತ್ತದವರೆಗೆ ಮಾತ್ರ. ಮೇಲಿನ ಉದಾಹರಣೆಯಲ್ಲಿ 8 ಲಕ್ಷದ ಹೊರೆ ಮಾಲೀಕರ ತಲೆಯ ಮೇಲೆಯೇ. ಪಾಲಿಸಿಯನ್ನು 10 ವರ್ಷಗಳವರೆಗೂ ಪಡೆಯಬಹುದು. ಬಹುವಾರ್ಷಿಕ ಪಾಲಿಸಿಯಲ್ಲಿ ಕಟ್ಟಡದ ವಿಮಾ ಮೊತ್ತ ವರ್ಷಕ್ಕೆ ಶೇ. 10ರಷ್ಟು ತಾನಾಗಿಯೇ ಏರುತ್ತದೆ. ಸಿಮೆಂಟು, ಕಬ್ಬಿಣದ ಬೆಲೆ ಏರುವ ಕಾಲದಲ್ಲಿ ಇದು ಉಪಯುಕ್ತ.

ನೆಲಮಹಡಿಯ ವ್ಯವಹಾರಕ್ಕೆ ಬೇರೆ ಪಾಲಿಸಿ

ಗೃಹವಿಮೆ ವಾಸದ ಮನೆಗೆ ಮೀಸಲು. ನೆಲಮಹಡಿಯ ಲೇತ್ ಯಂತ್ರ, ರಟ್ಟಿನ ಪೆಟ್ಟಿಗೆಗಳು, ಮಾರಾಟದ ಸರಕು 'ಮನೆಯ ಸಾಮಾನು' ಆಗುವುದಿಲ್ಲ. ವಾಸದ ಮನೆ ಎಂದು ಬರೆಸಿ ಅಲ್ಲಿ ಗೋದಾಮು ನಡೆಸಿದರೆ, ಸಂಗತಿ ಮರೆಮಾಚಲಾಗಿದೆ ಎಂಬ ಕಾರಣದಿಂದ ಮೇಲ್ಮಹಡಿಯ ಪರಿಹಾರಕ್ಕೂ ತೊಡಕು ಬರಬಹುದು. ನೆಲಮಹಡಿಯನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟಿದ್ದರೂ ಅವರ ಕಸುಬು ಏನೆಂಬುದನ್ನು ಕಂಪನಿಗೆ ಬರವಣಿಗೆಯಲ್ಲಿ ತಿಳಿಸತಕ್ಕದ್ದು.

ವ್ಯವಹಾರದ ಭಾಗಕ್ಕೆ, ಒಂದು ಸ್ಥಳದಲ್ಲಿನ ಆಸ್ತಿಯ ಒಟ್ಟು ಮೌಲ್ಯ 5 ಕೋಟಿ ರೂಪಾಯಿ ಮೀರದಿದ್ದರೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ', 5 ಕೋಟಿ ಮೀರಿ 50 ಕೋಟಿವರೆಗೆ 'ಭಾರತ್ ಲಘು ಉದ್ಯಮ ಸುರಕ್ಷಾ' ಇವೆ. ಇಲ್ಲಿ ಅನುಪಾತದ ಕಡಿತ ಉಂಟು, ಕೊರತೆ ಶೇ. 15ರೊಳಗಿದ್ದರೆ ಮಾತ್ರ ವಿನಾಯಿತಿ. 40 ಲಕ್ಷದ ದಾಸ್ತಾನಿಗೆ 20 ಲಕ್ಷದ ವಿಮೆ ಮಾಡಿಸಿ, 8 ಲಕ್ಷದ ಸರಕು ಹಾಳಾದರೆ ಪರಿಹಾರ ಸುಮಾರು 4 ಲಕ್ಷ ಮಾತ್ರ. ಕಂತಿನಲ್ಲಿ ಉಳಿಸಿದ ಕೆಲವು ಸಾವಿರ, ಹಾನಿಯ ದಿನ ಲಕ್ಷಗಳಲ್ಲಿ ಕಳೆದುಹೋಗುತ್ತದೆ. ಹಬ್ಬದ ಮುನ್ನ ದಾಸ್ತಾನು ಹೆಚ್ಚಿಸುವವರು ವಿಮಾ ಮೊತ್ತವನ್ನೂ ಹೆಚ್ಚಿಸಬೇಕು.

ಹೆಸರು, ಬ್ಯಾಂಕು ಮತ್ತು ತೆರಿಗೆ

ಕಟ್ಟಡ ಪತ್ನಿಯ ಅಥವಾ ತಂದೆಯ ಹೆಸರಿನಲ್ಲಿದ್ದು ಸಂಸ್ಥೆ ಇನ್ನೊಬ್ಬರದಾಗಿದ್ದರೆ, ಕಟ್ಟಡದ ಪಾಲಿಸಿ ಮಾಲೀಕರ ಹೆಸರಿನಲ್ಲಿಯೂ ಸರಕಿನ ಪಾಲಿಸಿ ಸಂಸ್ಥೆಯ ಹೆಸರಿನಲ್ಲಿಯೂ ಇರಬೇಕು. ಗೃಹಸಾಲದ ಜೊತೆ ಬ್ಯಾಂಕು ಕೊಡಿಸುವ 'ಸಾಲ ರಕ್ಷಣೆ' ಪಾಲಿಸಿ ಬಹುತೇಕ ಸಾಲಗಾರರ ಜೀವವಿಮೆ. ಅದು ಕಟ್ಟಡದ ವಿಮೆಯಲ್ಲ. ಎರಡನ್ನೂ ಒಂದೆಂದು ಭಾವಿಸುವುದು ಸಾಮಾನ್ಯ ತಪ್ಪು.

ಯಂತ್ರ ಮತ್ತು ದಾಸ್ತಾನಿನ ವಿಮಾ ಕಂತು ವ್ಯಾಪಾರದ ವೆಚ್ಚ. ಪಾಲಿಸಿಯಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಾಗಿದ್ದರೆ, ನಿಯಮಾನುಸಾರ ಹೂಡುವಳಿ ತೆರಿಗೆ ಜಮೆಯನ್ನೂ ಪಡೆಯಬಹುದು. ವಾಸದ ಮನೆಯ ಕಂತು ಸ್ವಂತ ಖರ್ಚು. ಅದನ್ನು ಸಂಸ್ಥೆಯ ಖಾತೆಯಿಂದ ಪಾವತಿಸಿದರೆ ಡ್ರಾಯಿಂಗ್ಸ್ ಎಂದು ತೋರಿಸಬೇಕು. ಬಾಡಿಗೆ ಮನೆಯ ವಿಷಯದಲ್ಲಿ ಬಾಡಿಗೆ ಆದಾಯಕ್ಕೆ ದೊರೆಯುವ ಶೇ. 30ರ ಪ್ರಮಾಣಿತ ಕಡಿತದಲ್ಲಿಯೇ ವಿಮಾ ಕಂತು ಅಡಕ, ಪ್ರತ್ಯೇಕ ಕಡಿತವಿಲ್ಲ.

ಹಾನಿಯಾದಾಗ

ಕಂಪನಿಗೆ ಒಡನೆಯೇ ತಿಳಿಸಬೇಕು. ಸರ್ವೇಯರ್ ಬರುವ ಮುನ್ನ ಹಾಳಾದ ವಸ್ತುಗಳನ್ನು ಎಸೆಯಬಾರದು. ನೀರಿನ ಮಟ್ಟ ಗೋಡೆಯ ಮೇಲೆ ಕಾಣುವಂತೆ ಛಾಯಾಚಿತ್ರ ತೆಗೆದಿಡಬೇಕು. ಬೆಂಕಿಗೆ ಅಗ್ನಿಶಾಮಕ ದಳದ ವರದಿ, ಕಳವಿಗೆ ಪೊಲೀಸ್ ದೂರಿನ ಪ್ರತಿ ಅಗತ್ಯ. ದಾಸ್ತಾನು ಪುಸ್ತಕ ಮತ್ತು ಖರೀದಿ ಬಿಲ್ಲುಗಳ ಪ್ರತಿಯನ್ನು ಆ ಕಟ್ಟಡದಿಂದ ಹೊರಗೆ ಇನ್ನೊಂದೆಡೆ ಇಡತಕ್ಕದ್ದು. ಸರಕಿನೊಡನೆ ಪುಸ್ತಕವೂ ನೀರು ಪಾಲಾದರೆ ನಷ್ಟವನ್ನು ರುಜುವಾತುಪಡಿಸುವುದು ಕಷ್ಟ. ಕಂಪನಿಗೆ ದೂರು ಕೊಟ್ಟ ಮೇಲೂ ನ್ಯಾಯ ಸಿಗದಿದ್ದರೆ ಬೆಂಗಳೂರಿನ ಜಯಪ್ರಕಾಶನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಪಾಲಿಸಿ ಪಡೆಯುವ ಮುನ್ನ

1. ಕಾರ್ಪೆಟ್ ವಿಸ್ತೀರ್ಣವನ್ನು ಅಳೆಸಿ, ಇಂದಿನ ನಿರ್ಮಾಣ ದರವನ್ನು ಇಂಜಿನಿಯರರಿಂದ ಬರೆಸಿಕೊಳ್ಳಿ.
2. ವಾಸ, ಬಾಡಿಗೆ, ವ್ಯವಹಾರ: ಪ್ರತಿ ಮಹಡಿಯ ಉಪಯೋಗವನ್ನು ಪ್ರಸ್ತಾವನೆಯಲ್ಲಿ ನಮೂದಿಸಿ.
3. ಕಳವು ಮತ್ತು ಒಡವೆಗಳ ರಕ್ಷಣೆ ಇದೆಯೇ ಎಂದು ಪ್ರತ್ಯೇಕವಾಗಿ ನೋಡಿ.
4. ಅಪಾರ್ಟ್‌ಮೆಂಟಿನಲ್ಲಿ ಸಂಘದ ಪಾಲಿಸಿ ಯಾವ ಭಾಗಕ್ಕೆ ಅನ್ವಯಿಸುತ್ತದೆಂದು ಪ್ರತಿ ಪಡೆದು ಓದಿ.
5. ಮಹಡಿ ಏರಿಸಿದಾಗ, ಯಂತ್ರ ತಂದಾಗ, ಬಾಡಿಗೆದಾರರು ಬದಲಾದಾಗ ಕಂಪನಿಗೆ ತಿಳಿಸಿ.

ವರ್ಷಾಂತ್ಯದ ಲೆಕ್ಕ ಮುಗಿಸುವಾಗ ಆಸ್ತಿಪಟ್ಟಿಯ ಪಕ್ಕದಲ್ಲಿ ವಿಮಾ ಮೊತ್ತಗಳ ಪಟ್ಟಿಯನ್ನಿಟ್ಟು ತಾಳೆ ನೋಡುವುದು ಅರ್ಧ ದಿನದ ಕೆಲಸ. ಮುಂಗಾರಿಗೆ ಮುಂಚೆ ಅದು ಮುಗಿದಿದ್ದರೆ ಒಳಿತು.